ಮಾವಿನ ವಾಸನೆಯ ಹೈಲೈಟರ್

ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮೊದಲ ವಾರದಲ್ಲೇ ಎಲ್ಲರಿಗೂ ಹೇಳಿಕೊಡುವ ಪಾಠವೊಂದಿದೆ: ಎಲ್ಲಿಂದಲೋ ಬಂದ ಯುಎಸ್‌ಬಿ ಸಾಧನವನ್ನು ಲ್ಯಾಪ್‌ಟಾಪಿಗೆ ಚುಚ್ಚಬಾರದು. ಎಂ.ಟೆಕ್ ಓದಿ, ಹನ್ನೊಂದು ವರ್ಷ ಇದೇ ಕೆಲಸದಲ್ಲಿದ್ದು, ಈ ಬಗ್ಗೆ ಕಂಪನಿ ವರ್ಷಕ್ಕೊಮ್ಮೆ ನಡೆಸುವ ಆನ್‌ಲೈನ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವ ನಾನು ಕಳೆದ ನವೆಂಬರ್‌ನ ಒಂದು ಶನಿವಾರ ಅದೇ ತಪ್ಪು ಮಾಡಿದೆ.

ಮೇಲಿನ ಮನೆಯ ಹುಡುಗ ಎಂಟನೇ ಕ್ಲಾಸು. ಹುಬ್ಬಳ್ಳಿ ಕಡೆಯವರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಶನಿವಾರ ಮಧ್ಯಾಹ್ನ ಗಣಿತ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಾನೆ. ಅಂದು ಬ್ಯಾಗಿನಿಂದ ಹಳದಿ ಬಣ್ಣದ, ಹೈಲೈಟರ್ ಪೆನ್ನಿನಷ್ಟು ಉದ್ದದ ವಸ್ತುವೊಂದನ್ನು ತೆಗೆದು, ‘ಅಂಕಲ್, ಇದನ್ನ ಸ್ವಲ್ಪ ಚಾರ್ಜಿಗೆ ಹಚ್ಚಲೇನ್ರಿ? ಸ್ಪೀಕರ್ ಐತಿ’ ಅಂದ. ಚಿಕ್ಕ ಬ್ಲೂಟೂತ್ ಸ್ಪೀಕರ್ ಇರಬೇಕೆಂದು ನಾನೇ ವೈರು ಕೊಟ್ಟು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅರ್ಧ ಗಂಟೆಯ ನಂತರ ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಮೂಗೆಳೆದು, ‘ಮಾವಿನ ಹಣ್ಣು ತಂದಿದ್ದೀರಾ?’ ಎಂದು ಕೇಳಿದಳು. ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ಮಾವು ಎಲ್ಲಿಂದ ಬರಬೇಕು! ಇಬ್ಬರೂ ನಕ್ಕು ಸುಮ್ಮನಾದೆವು. ಹುಡುಗ ತಲೆ ಎತ್ತದೆ ಲೆಕ್ಕ ಮಾಡುತ್ತಿದ್ದ.

ಎರಡು ವಾರ ಕಳೆದ ಮೇಲೆ ರಾತ್ರಿ ಹತ್ತಕ್ಕೆ ಅವನ ಅಮ್ಮ ಕೆಳಗಿಳಿದು ಬಂದರು. ಕೈಯಲ್ಲಿ ಅದೇ ಹಳದಿ ವಸ್ತು. ‘ಇದೇನ್ರಿ ಇದು? ಅವನ ಬ್ಯಾಗಿನ್ಯಾಗ ಸಿಕ್ಕೈತಿ. ಸ್ಪೀಕರ್ ಅಂತಾನ. ಹಾಡೇ ಬರಂಗಿಲ್ಲ.’ ಒಂದು ತುದಿಯಲ್ಲಿ ಚಾರ್ಜರ್ ಸಿಕ್ಕಿಸುವ ತೂತು. ಇನ್ನೊಂದು ತುದಿಯ ಮುಚ್ಚಳ ತೆಗೆದರೆ ಚಪ್ಪಟೆ ಬಾಯಿ. ಅದು ವೇಪ್, ಅಂದರೆ ಇ-ಸಿಗರೇಟು. ಮೈಮೇಲೆ ಚಿಕ್ಕ ಅಕ್ಷರದಲ್ಲಿ ಶೇ 5 ಎಂದಿತ್ತು. ಯಾವುದರ ಶೇ 5 ಎಂದು ಆ ತಾಯಿಗೆ ಹೇಳಲು ನನಗೆ ಒಂದು ನಿಮಿಷ ಬೇಕಾಯಿತು.

ದಿಲ್ಲಿಗೆ ಬರುವ ಕನ್ನಡಿಗರಲ್ಲಿ ಬಹಳ ಮಂದಿಗೆ ಮುನಿರ್ಕಾ ಗೊತ್ತು. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘ ಇಲ್ಲಿಂದ ದೂರವಿಲ್ಲ. ಅದರ ಹತ್ತಿರದ ಮೋತಿಬಾಗ್ ಮೆಟ್ರೊ ನಿಲ್ದಾಣಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಒಂದು ಪಕ್ಕದಲ್ಲಿ ಜೆಎನ್‌ಯು, ಇನ್ನೊಂದು ಪಕ್ಕದಲ್ಲಿ ಐಐಟಿ. ನಡುವೆ ಡಿಡಿಎ ಫ್ಲ್ಯಾಟುಗಳು. ಅದರ ಬಗಲಲ್ಲೇ ಹಳೆಯ ಮುನಿರ್ಕಾ ಊರು: ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಗಳು, ತಲೆಯ ಮೇಲೆ ಕರೆಂಟಿನ ವೈರುಗಳ ಗಂಟು, ಒಂದೊಂದು ಕಟ್ಟಡದಲ್ಲೂ ಹತ್ತಾರು ಪಿಜಿ ಕೋಣೆ, ಮೋಮೊ ಗಾಡಿ, ಟ್ಯೂಷನ್ ಕ್ಲಾಸು, ಮೂಲೆಗೊಂದು ಪಾನ್-ಸಿಗರೇಟಿನ ಖೋಖಾ. ಮಗನನ್ನು ಆ ಖೋಖಾಗಳಿಂದ ದೂರ ಇಡಬೇಕು ಎಂಬುದಷ್ಟೇ ಅವನ ಅಮ್ಮನ ಎಚ್ಚರವಾಗಿತ್ತು. ಟ್ಯೂಷನ್ನಿನಿಂದ ಬರುವಾಗ ಆ ದಾರಿ ಬಿಟ್ಟು ಸುತ್ತು ಹಾಕಿ ಬಾ ಎಂದು ಹೇಳಿಕೊಟ್ಟಿದ್ದರು. ಅವನು ವಿಧೇಯನಾಗಿ ಸುತ್ತು ಹಾಕಿಕೊಂಡೇ ಬರುತ್ತಿದ್ದ.

ಖೋಖಾದಿಂದ ಅಲ್ಲವಾದರೆ ಎಲ್ಲಿಂದ? ಆ ರಾತ್ರಿ ಅಳುತ್ತಾ, ನಡುನಡುವೆ ಸಿಟ್ಟಾಗುತ್ತಾ ಅವನು ಹೇಳಿದ್ದಿಷ್ಟು. ಟ್ಯೂಷನ್ನಿನಲ್ಲಿ ಹನ್ನೊಂದನೇ ಕ್ಲಾಸಿನ ಹುಡುಗನೊಬ್ಬ ಒಂದು ಎಳೆತಕ್ಕೆ ಹತ್ತು ರೂಪಾಯಿಯಂತೆ ಚಿಕ್ಕವರಿಗೆ ಕೊಡುತ್ತಿದ್ದ. ಒಂದು ತಿಂಗಳ ಮೇಲೆ ಇವನೂ ಇನ್ನು ನಾಲ್ವರೂ ಸೇರಿ, ದಿನಾ ಹತ್ತು ಹತ್ತು ಕೊಡುವುದಕ್ಕಿಂತ ಒಂದನ್ನೇ ಕೊಳ್ಳುವುದು ಅಗ್ಗ ಎಂದು ಲೆಕ್ಕ ಹಾಕಿದರು. (ಶೇಕಡಾವಾರು ಲೆಕ್ಕ ನಾನೇ ಹೇಳಿಕೊಟ್ಟದ್ದು.) ಹುಟ್ಟುಹಬ್ಬದ ದುಡ್ಡು, ಪ್ರಾಜೆಕ್ಟಿಗೆ ಚಾರ್ಟ್ ಪೇಪರ್ ಎಂದು ಕೇಳಿದ ದುಡ್ಡು ಒಟ್ಟಾಯಿತು. ದುಡ್ಡು ಹನ್ನೊಂದನೆಯವನ ಕೈಗೆ ಹೋಯಿತು. ಅವನಿಂದ ಒಂದು ಪಿಜಿಯಲ್ಲಿರುವ ‘ಭೈಯಾ’ಗೆ. ಭೈಯಾ ಕಾಲೇಜು ಹುಡುಗ, ಅವನಿಗೆ ಬ್ಯಾಂಕ್ ಖಾತೆ ಇದೆ, ಯುಪಿಐ ಇದೆ. ಫೋಟೊ ಹಂಚುವ ಆ್ಯಪ್‌ನಲ್ಲಿ ಒಂದು ಖಾತೆ. ಅದರಲ್ಲಿ ವೇಪ್ ಎಂಬ ಪದವೇ ಇಲ್ಲ, ಬರೀ ಹಣ್ಣಿನ ಚಿತ್ರಗಳು. ಅಲ್ಲಿಂದ ಒಂದು ಫೋನ್ ನಂಬರು, ನಂಬರಿಗೆ ಮೆಸೇಜು ಕಳಿಸಿದರೆ ಬೆಲೆಪಟ್ಟಿ. ದುಡ್ಡು ಹಾಕಿದರೆ ಬೈಕಿನಲ್ಲಿ ಪಾರ್ಸೆಲ್ ತರುವ ಹುಡುಗ ಗಲ್ಲಿಯ ಬಾಯಿಗೆ ಬರುತ್ತಾನೆ. ಅವನ ಪಾಲಿಗೆ ಅದು ‘ಸ್ಟೇಷನರಿ’.

ಈ ಸರಪಳಿಯಲ್ಲಿ ಹದಿಮೂರರ ಹುಡುಗನಿಗೆ ಕೊಟ್ಟವನು ಹದಿನಾರರವನು. ಹದಿನಾರರವನಿಗೆ ಕೊಟ್ಟವನು ಇಪ್ಪತ್ತರವನು. ಮಾರಿದವನು ಯಾರ ಮುಖವನ್ನೂ ನೋಡಿಲ್ಲ. ನಿನ್ನ ವಯಸ್ಸೆಷ್ಟು ಎಂದು ಎಲ್ಲೂ, ಯಾರೂ ಕೇಳಿಲ್ಲ. ಹದಿನೆಂಟು ದಾಟದವರಿಗೆ ಸಿಗರೇಟು ಮಾರುವುದಿಲ್ಲ ಎಂಬ ಬೋರ್ಡು ತೂಗುಹಾಕಲಾದರೂ ಒಂದು ಅಂಗಡಿ ಬೇಕಲ್ಲ!

ಹೀಗೆ ಯೋಚಿಸಿದಾಗ ನನಗೆ ಆ ಖೋಖಾವೇ ವಾಸಿ ಅನ್ನಿಸಿತು. ತಮಾಷೆಗೆ ಹೇಳುತ್ತಿಲ್ಲ. ಖೋಖಾದವನು ಹುಡುಗನಿಗೆ ಸಿಗರೇಟು ಕೊಟ್ಟಾನೋ ಬಿಟ್ಟಾನೋ, ಆದರೆ ಅದರ ಮುಂದೆ ಅವನಪ್ಪನನ್ನು ಬಲ್ಲ ಹತ್ತು ಜನ ಓಡಾಡುತ್ತಾರೆ. ನಾವು ಹುಡುಗರಾಗಿದ್ದಾಗ ಊರಿನಲ್ಲಿ ಬೀಡಿ ಸೇದಿದವರು ಬಾಯಿ ವಾಸನೆ ಅಡಗಿಸಲು ಸೀಬೆ ಎಲೆ ಅಗಿದು ಮನೆಗೆ ಹೋಗುತ್ತಿದ್ದರು. ಸೀಬೆ ಎಲೆಯ ವಾಸನೆಯಿಂದಲೇ ಸಿಕ್ಕಿಬೀಳುತ್ತಿದ್ದರು. ಬೀದಿಯ ಕಣ್ಣು, ಮನೆಯ ಮೂಗು ಎರಡೂ ಸೇರಿ ಕಾಯುತ್ತಿದ್ದವು. ವೇಪ್ ಈ ಎರಡನ್ನೂ ಏಕಕಾಲಕ್ಕೆ ದಾಟಿದೆ. ಪಾರ್ಸೆಲ್ಲಿಗೆ ಬೀದಿಯ ಕಣ್ಣು ಸಾಲದು. ವಾಸನೆಯಂತೂ ನಮ್ಮ ಮನೆಯ ಹಾಲ್‌ನಲ್ಲೇ ಹರಡಿ ನಾವು ನಕ್ಕು ಬಿಟ್ಟೆವು.

ಇಷ್ಟೂ ಆದದ್ದು ಯಾವ ವಸ್ತುವನ್ನು ಯಾರೂ, ಯಾವ ವಯಸ್ಸಿನವರಿಗೂ ಮಾರುವಂತಿಲ್ಲವೋ ಅಂಥ ವಸ್ತುವಿನ ವಿಷಯದಲ್ಲಿ. 2016ರ ಜೂನ್‌ನಲ್ಲೇ ಕರ್ನಾಟಕ ಸರ್ಕಾರ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟದ ತೀರ್ಮಾನವನ್ನು ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಮೊದಲು ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ. ನಿಕೋಟಿನ್ ಇಲ್ಲದ್ದು ಎಂದು ಹೇಳಿಕೊಂಡು ಮಾರುವುದಕ್ಕೂ ಇದು ಅನ್ವಯ. ಈ ನಿಷೇಧ ಬಂದಾಗ ನಮ್ಮ ಹುಡುಗ ಇನ್ನೂ ತೀರಾ ಚಿಕ್ಕವನಾಗಿದ್ದ. ಅವನ ತಿಳಿವಳಿಕೆಯ ಜಗತ್ತಿನಲ್ಲಿ ವೇಪ್ ಒಂದು ದಿನವೂ ಕಾನೂನುಬದ್ಧವಾಗಿರಲಿಲ್ಲ. ಆದರೂ ಅದು ಅವನ ಕಂಪಾಸ್ ಬಾಕ್ಸಿನಲ್ಲಿತ್ತು.

ನಿಷೇಧದಿಂದ ವಸ್ತು ಮಾಯವಾಗುವುದಿಲ್ಲ ಎಂಬುದು ನಮಗೆ ಹೊಸತಲ್ಲ. 2013ರ ಮೇ ಕೊನೆಯಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಊರಿಗೆ ಹೋದಾಗ ನೋಡಿದರೆ ಅಂಗಡಿಯ ಮುಂದೆ ಎರಡೆರಡು ಸರ ತೂಗುತ್ತಿದ್ದವು. ಒಂದರಲ್ಲಿ ಪಾನ್ ಮಸಾಲಾ, ಪಕ್ಕದ ಪೊಟ್ಟಣದಲ್ಲಿ ತಂಬಾಕು. ಗಿರಾಕಿ ಎರಡನ್ನೂ ಕೊಂಡು ಅಂಗೈಯಲ್ಲೇ ಗುಟ್ಕಾ ಮಾಡಿಕೊಳ್ಳುತ್ತಿದ್ದ. ಅಲ್ಲಿ ಕನಿಷ್ಠ ಸರವಾದರೂ ಕಣ್ಣಿಗೆ ಕಾಣುತ್ತಿತ್ತು.

ನಿಷೇಧವೇ ತಪ್ಪು, ಬ್ರಿಟನ್ನಿನ ಹಾಗೆ ವಯಸ್ಕರಿಗೆ ಅಂಗಡಿಯಲ್ಲಿ ಮಾರಲು ಬಿಟ್ಟು ನಿಯಂತ್ರಿಸಬೇಕಿತ್ತು ಎಂದು ವಾದಿಸುವ ಸಹೋದ್ಯೋಗಿಗಳು ನನಗಿದ್ದಾರೆ. ಸಿಗರೇಟು ಬಿಡಲು ಒದ್ದಾಡುವ ನಲವತ್ತರವರ ವಿಷಯದಲ್ಲಿ ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಬ್ರಿಟನ್ ಒಮ್ಮೆ ಬಳಸಿ ಎಸೆಯುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಷೇಧಿಸಬೇಕಾಗಿ ಬಂತು. ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಮಕ್ಕಳೂ ಒಂದು. ಅಮೆರಿಕದಲ್ಲಿ 2019ರಲ್ಲಿ ಹೈಸ್ಕೂಲು ಮಕ್ಕಳಲ್ಲಿ ಶೇ 27.5ರಷ್ಟು ಮಂದಿ ಇ-ಸಿಗರೇಟು ಸೇದುತ್ತಿದ್ದರು. 2024ರ ಹೊತ್ತಿಗೆ ಅದು ಶೇ 8ಕ್ಕಿಂತ ಕೆಳಗಿಳಿಯಿತು. ಒಂದೇ ಕಾರಣಕ್ಕೆ ಇಳಿದದ್ದಲ್ಲ, ಆದರೆ ಇಳಿಯುತ್ತದೆ ಎಂಬುದಂತೂ ಗೊತ್ತಾಯಿತು. ನಮ್ಮಲ್ಲಿ 2019ರಲ್ಲಿ 13ರಿಂದ 15ರ ವಯಸ್ಸಿನ ಶಾಲಾ ಮಕ್ಕಳ ನಡುವೆ ನಡೆದ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಶೇ 8.5ರಷ್ಟು ಮಕ್ಕಳು ಯಾವುದಾದರೊಂದು ತಂಬಾಕು ಬಳಸುತ್ತಿದ್ದರು. ಇ-ಸಿಗರೇಟನ್ನು ಒಮ್ಮೆಯಾದರೂ ಎಳೆದವರು ಶೇ 2.8. ಸಿಗರೇಟು ಸೇದಿದ್ದ ಮಕ್ಕಳಲ್ಲಿ ಶೇ 38ರಷ್ಟು ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಹದಿಮೂರು ಬಹಳ ಚಿಕ್ಕ ವಯಸ್ಸಾಯಿತಲ್ಲ ಎಂದು ನನಗನ್ನಿಸಿದ್ದು ನನ್ನ ಅಜ್ಞಾನವಷ್ಟೇ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ತಂಬಾಕಿನ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗೆ ಕಮ್ಮಿ. ನಮ್ಮದು ಹುಣಸೂರು ತಾಲ್ಲೂಕು. ನನ್ನ ಎಂ.ಟೆಕ್ ಫೀಸು ಕಟ್ಟಿದ್ದು ಹೊಗೆಸೊಪ್ಪು. ಮುಂಗಾರಿನಲ್ಲಿ ಸಸಿ ನೆಡುವುದು, ಮಳೆಯಲ್ಲೇ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ಸೌದೆಯ ಕಾವಿಗೆ ಬೇಯಿಸುವುದು, ಆಮೇಲೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೇಲುಗಳ ಮುಂದೆ ಅಪ್ಪನ ಮುಖ ನೋಡುತ್ತಾ ನಿಲ್ಲುವುದು, ಇವೇ ನನ್ನ ಬಾಲ್ಯದ ಋತುಗಳು. ಒದ್ದೆ ಸೊಪ್ಪನ್ನು ಕಂಕುಳಲ್ಲಿ ಹೊತ್ತ ದಿನ ಸಂಜೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಅಜ್ಜಿ ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಿದ್ದಳು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುತ್ತದೆ, ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹಸಿ ತಂಬಾಕಿನ ಕಾಯಿಲೆ ಎಂಬ ಹೆಸರೇ ಇದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಿಕೋಟಿನ್ ಒಳಗೆ ಬರಲು ಹೊಗೆ ಬೇಕಿಲ್ಲ, ಬೆಂಕಿಯೂ ಬೇಕಿಲ್ಲ ಎಂಬುದು ಹಾಗಾಗಿ ನನ್ನ ಮೈಗೆ ಮೊದಲೇ ಗೊತ್ತಿತ್ತು.

ಆ ವಾರ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ‘ಹೊಗೆನೇ ಬರಲ್ವಾ? ಮತ್ತೆ ಅದಕ್ಕೆ ಹೊಗೆಸೊಪ್ಪು ಯಾಕ್ಲಾ ಬೇಕು?’ ಎಂದು ಕೇಳಿದರು. ಸೊಪ್ಪು ಹಾಕುವುದಿಲ್ಲ, ಅದರೊಳಗಿನ ಸತ್ವ ತೆಗೆದು ರಸದಲ್ಲಿ ಬೆರೆಸುತ್ತಾರೆ, ಮಾವಿನ ವಾಸನೆ ಸೇರಿಸುತ್ತಾರೆ, ಬ್ಯಾಟರಿ ಅದನ್ನು ಆವಿ ಮಾಡುತ್ತದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಗಾದ್ರೆ ಸೊಪ್ಪು ಬುಟ್ಟು ತಲೆಸುತ್ತು ಮಾತ್ರ ಮಾರ್ತಾವ್ರೆ ಅನ್ನು’ ಅಂದರು.

ವೇಪ್‌ನ ವ್ಯಾಪಾರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ನನ್ನಿಂದಾಗದು. ಹಳೆಯ ಬಗೆಯ ನಿಕೋಟಿನ್ ಆವಿ ಹೆಚ್ಚಾದರೆ ಗಂಟಲು ಉರಿಯುತ್ತಿತ್ತು. ಆ ಉರಿಯೇ ಹೊಸಬರಿಗೆ ಬೇಲಿಯಾಗಿತ್ತು. ನಿಕೋಟಿನ್ನಿಗೆ ಬೆಂಜೊಯಿಕ್ ಆಮ್ಲದಂಥದ್ದನ್ನು ಸೇರಿಸಿ ಲವಣದ ರೂಪಕ್ಕೆ ತಂದ ಮೇಲೆ ಗಂಟಲಿನ ಉರಿ ತಗ್ಗಿತು, ಪ್ರಮಾಣ ಏರಿತು. ಯುರೋಪಿನ ಒಕ್ಕೂಟದಲ್ಲಿ ಒಂದು ಮಿಲಿಲೀಟರ್ ರಸಕ್ಕೆ 20 ಮಿಲಿಗ್ರಾಂ ನಿಕೋಟಿನ್ ಮೀರುವಂತಿಲ್ಲ. ಮೇಲಿನ ಮನೆಯ ಹೈಲೈಟರಿನ ಮೇಲಿದ್ದ ಶೇ 5 ಎಂದರೆ ಸುಮಾರು 50 ಮಿಲಿಗ್ರಾಂ. ಅದೂ ಒಳಗಿರುವುದು ಹೊರಗೆ ಬರೆದಷ್ಟೇ ಎಂದು ನಂಬಿದರೆ. ಮಿದುಳು ಇಪ್ಪತ್ತೈದರವರೆಗೂ ಬೆಳೆಯುತ್ತಿರುತ್ತದೆ. ಗಮನ, ಕಲಿಕೆ, ಸಿಟ್ಟಿನ ಹಿಡಿತ ರೂಪುಗೊಳ್ಳುವ ವಯಸ್ಸಿನಲ್ಲಿ ನಿಕೋಟಿನ್ ಬೇಗ ಬೇರೂರುತ್ತದೆ. ಹುಡುಗನ ವಾದ ಬೇರೆಯದೇ ಇತ್ತು: ‘ಅಂಕಲ್, ಈ ತಿಂಗಳು ದಿಲ್ಲಿ ಗಾಳಿ ಕುಡಿಯೋದಕ್ಕಿಂತ ಇದು ಚಲೋ ಅಲ್ರೀ?’ ಕಿಟಕಿಯಾಚೆ ಎದುರಿನ ಕಟ್ಟಡವೇ ಕಾಣದಷ್ಟು ಹೊಗೆ ಕವಿದಿತ್ತು. ಮಕ್ಕಳಿಗೆ ಇಂಥ ಗಾಳಿ ಕೊಟ್ಟಿರುವ ನಾವು ಈ ಪ್ರಶ್ನೆಗೆ ಸಿಟ್ಟಾಗುವಂತೆಯೂ ಇಲ್ಲ.

ಈಗ ಆ ರಾತ್ರಿ ನಾನು ಮಾಡಿದ ಎರಡನೇ ತಪ್ಪಿಗೆ ಬರುತ್ತೇನೆ. ಯುಎಸ್‌ಬಿಯದಕ್ಕಿಂತ ಇದು ದೊಡ್ಡದು.

ಎಲ್ಲ ಹೇಳಿಕೊಂಡ ಮೇಲೆ ಹುಡುಗ ತನ್ನ ಫೋನನ್ನು ನನ್ನ ಕೈಗಿಟ್ಟ. ಹನ್ನೊಂದನೆಯವನು ಇವನಿಗೆ ಆ ಮಾರಾಟದ ನಂಬರನ್ನೂ ಬೆಲೆಪಟ್ಟಿಯನ್ನೂ ಕಳಿಸಿದ್ದ. ದುಡ್ಡು ಹೋದ ಯುಪಿಐ ವಿಳಾಸದ ಸ್ಕ್ರೀನ್‌ಶಾಟ್ ಇತ್ತು. ಪಾರ್ಸೆಲ್ ಎಲ್ಲಿಂದ ಹೊರಟಿತು ಎಂಬ ಲಿಂಕ್ ಇತ್ತು. ಅಮ್ಮ ನಡುಗುತ್ತಿದ್ದರು. ‘ಸಾಲಿಯವರಿಗೆ ಗೊತ್ತಾದ್ರ ಟಿಸಿ ಕೊಟ್ಟು ಕಳಸ್ತಾರ್ರಿ. ಅವರಪ್ಪಗ ಬ್ಯಾರೆ ಬಿಪಿ ಐತಿ. ಎಲ್ಲಾ ಅಳಿಸಿಬಿಡ್ರಿ, ನಿಮಗ ಗೊತ್ತಾಗತೈತಿ ಹೆಂಗಂತ.’ ನನಗೆ ಹೇಗೆಂದು ಗೊತ್ತಿತ್ತು. ಚಾಟ್, ಚಿತ್ರ, ಬ್ಯಾಕಪ್ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಗುರುತಿಲ್ಲದಂತೆ ಅಳಿಸಿದೆ. ಹುಡುಗನನ್ನು ಕಾಪಾಡಿದೆ ಎಂಬ ಸಮಾಧಾನದಿಂದ ಮಲಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಆ ಫೋನಿನಲ್ಲಿ ಹುಡುಗನ ವಿರುದ್ಧ ಇದ್ದದ್ದು ಬಹಳ ಕಡಿಮೆ. ಇದ್ದದ್ದೆಲ್ಲ ಮಾರಿದವನ ವಿರುದ್ಧ. ನಾನು ಕಾಪಾಡಿದ್ದು ಅವನನ್ನು.

ಮೂರು ವಾರದ ಮೇಲೆ ಅದೇ ಟ್ಯೂಷನ್ನಿನ ಇನ್ನೊಬ್ಬ ಹುಡುಗ ಸಿಕ್ಕಿಬಿದ್ದ. ಅವನು ಏಳನೇ ಕ್ಲಾಸು.

2019ರ ಕಾಯ್ದೆ ಓದಿ ನೋಡಿ. ಅದು ಹಿಡಿಯ ಹೊರಟಿರುವುದು ತಯಾರಿಸುವವನನ್ನು, ತರಿಸುವವನನ್ನು, ಮಾರುವವನನ್ನು, ಕೂಡಿಡುವವನನ್ನು. ಎಳೆದ ಮಗುವಿಗೆ ಶಿಕ್ಷೆ ಎಂದು ಅದರಲ್ಲಿಲ್ಲ. ಮಗುವಿಗೆ ತಂಬಾಕು ಉತ್ಪನ್ನ ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಹೇಳುತ್ತದೆ. ಮಾವಿನ ರಸದ ವೇಪ್ ಆ ಮಾತಿನೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಲಿ, ಕಾನೂನಿನ ಮನಸ್ಸು ಎತ್ತ ಇದೆ ಎಂಬುದಂತೂ ಸ್ಪಷ್ಟ. ಮಗು ಬಲಿಪಶು, ಕೊಟ್ಟವನು ಅಪರಾಧಿ. ನಾವು ದೊಡ್ಡವರು ಮಾತ್ರ ತಿರುಗಿಸಿ ಹಿಡಿದಿದ್ದೇವೆ. ಶಾಲೆ ಹುಡುಗನನ್ನು ಹೊರಹಾಕುತ್ತದೆ, ಅಪ್ಪ-ಅಮ್ಮ ಮುಚ್ಚಿಡುತ್ತಾರೆ, ನನ್ನಂಥ ಓದಿದ ಅಂಕಲ್ ಸಾಕ್ಷ್ಯ ಅಳಿಸಿಕೊಡುತ್ತಾನೆ. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕೆ? ಅವನು ಮಕ್ಕಳಿಗೆ ಮಾರುವುದು ಮಕ್ಕಳಲ್ಲಿ ದುಡ್ಡಿದೆ ಎಂದಲ್ಲ, ಮಕ್ಕಳು ಬಾಯಿ ಬಿಡುವುದಿಲ್ಲ ಎಂದು.

ನನ್ನ ಕಸುಬಿನ ಬಗ್ಗೆಯೂ ಒಂದು ಮಾತು. ಗುರುಗ್ರಾಮದ ಕಚೇರಿಯಲ್ಲಿ ನನ್ನ ಕೆಲಸವೇ ಆನ್‌ಲೈನ್ ಸರಕಿನ ಪಟ್ಟಿಗಳಲ್ಲಿ ಹುಡುಕಾಟ ನಡೆಸುವ ತಂತ್ರಾಂಶ ಬರೆಯುವುದು. ನಿಷೇಧಿತ ವಸ್ತುಗಳನ್ನು ಪದಗಳ ಪಟ್ಟಿ ಇಟ್ಟುಕೊಂಡು ತಡೆಯುವುದು ಎಷ್ಟು ದುರ್ಬಲ ಎಂದು ನನಗೆ ಗೊತ್ತು. ಒಂದು ಅಕ್ಷರ ಬದಲಿಸಿದರೆ, ಪದದ ಜಾಗದಲ್ಲಿ ಹಣ್ಣಿನ ಚಿತ್ರ ಹಾಕಿದರೆ ಮುಗಿಯಿತು. ಆದರೆ ಚಿತ್ರ ನೋಡಿ ವಸ್ತು ಗುರುತಿಸುವುದು ಈಗ ಕಷ್ಟದ ಕೆಲಸವಲ್ಲ. ಈ ಲೇಖನಕ್ಕಾಗಿ ಅಂಥ ಖಾತೆಗಳನ್ನು ಒಂದು ಸಂಜೆ ಹುಡುಕಿದೆ, ಅಷ್ಟೇ. ಮುಂದಿನ ಒಂದು ವಾರ ನನ್ನ ಫೋನು ಇಂಥ ಖಾತೆಗಳನ್ನೇ ತೋರಿಸುತ್ತಾ ಹೋಯಿತು. ಇದು ನಿಷೇಧಿತ ವಸ್ತು ಎಂದು ಗುರುತಿಸಲು ಬಾರದ ಯಂತ್ರಕ್ಕೆ, ಇದು ನನಗೆ ಇಷ್ಟವಾಗಬಹುದು ಎಂದು ಮಾತ್ರ ಚೆನ್ನಾಗಿ ಗೊತ್ತು! ಅಂದರೆ ಅದು ಎಲ್ಲವನ್ನೂ ನೋಡುತ್ತಿದೆ. ಒಂದು ಖಾತೆಯ ಬಗ್ಗೆ ಆ್ಯಪ್‌ನಲ್ಲೇ ದೂರು ಕೊಟ್ಟೆ. ನಾಲ್ಕು ದಿನಕ್ಕೆ ಖಾತೆ ಮಾಯವಾಯಿತು, ಐದನೇ ದಿನ ಅದೇ ಫೋಟೊಗಳು ಬೇರೆ ಹೆಸರಿನಲ್ಲಿ ಬಂದವು.

ಹಾಗೆ ನೋಡಿದರೆ ಹಳೆಯ ಕಾಲದ ಕಳ್ಳಸಾಗಣೆಗಿಂತ ಇದನ್ನು ಹಿಡಿಯುವುದು ಸುಲಭವಾಗಬೇಕಿತ್ತು. ಒಂದು ಹೈಲೈಟರ್ ಹುಡುಗನ ಕೈ ಸೇರುವ ಹೊತ್ತಿಗೆ ನಾಲ್ಕು ಕಡೆ ಹೆಜ್ಜೆಗುರುತು ಬಿಟ್ಟಿರುತ್ತದೆ. ಯುಪಿಐ ವಿಳಾಸದ ಹಿಂದೆ ಬ್ಯಾಂಕ್ ಖಾತೆ, ಫೋನ್ ನಂಬರಿನ ಹಿಂದೆ ಸಿಮ್ ಕೊಂಡವನ ಗುರುತಿನ ದಾಖಲೆ, ಪಾರ್ಸೆಲ್ ಎತ್ತಿಕೊಂಡ ಜಾಗ, ಖಾತೆ ತೆರೆದ ಸಾಧನ. ನಮ್ಮ ವೃತ್ತಿಯವರು ಬಿಸ್ಕತ್ತಿನ ಜಾಹೀರಾತು ತೋರಿಸುವುದಕ್ಕೇ ಇದಕ್ಕಿಂತ ಸಣ್ಣ ಎಳೆಗಳನ್ನು ಜೋಡಿಸುತ್ತೇವೆ. ಪೊಲೀಸರು ಪಾಲಿಕಾ ಬಜಾರ್‌ನಂಥ ಕಡೆ ದಾಳಿ ಮಾಡಿ ಡಬ್ಬಗಟ್ಟಲೆ ಹಿಡಿದ ಸುದ್ದಿ ಆಗಾಗ ಬರುತ್ತದೆ. ಒಳ್ಳೆಯದೇ. ಆದರೆ ಕಾಯ್ದೆ ಜಾಹೀರಾತನ್ನೂ ಆನ್‌ಲೈನ್ ಮಾರಾಟವನ್ನೂ ಅಪರಾಧ ಎಂದಿರುವಾಗ, ಆ ಜಾಹೀರಾತಿಗೆ ಗೋಡೆ ಒದಗಿಸಿದ ಕಂಪನಿಗಳನ್ನು ಯಾರಾದರೂ ಕೇಳಬೇಕು. ಹಣ್ಣಿನ ಚಿತ್ರದ ಹಿಂದೆ ಏನಿದೆ ಎಂದು ಗೊತ್ತಾಗಲಿಲ್ಲ ಎಂಬ ಉತ್ತರವನ್ನು ಈ ಕಸುಬಿನಲ್ಲಿರುವ ನಾನು ನಂಬಲಾರೆ.

ಶಾಲೆಗಳಿಂದ ನಾನು ಕೇಳುವುದು ಒಂದನ್ನೇ. ಯಾರು ಕೊಟ್ಟರು ಎಂದು ಬಾಯಿಬಿಡುವ ಮಗುವಿಗೆ ಟಿಸಿ ಕೊಡುವುದಿಲ್ಲ ಎಂದು ಬರೆದು ಗೇಟಿನಲ್ಲಿ ಅಂಟಿಸಿ. ಬ್ಯಾಗು ತಪಾಸಣೆ, ಬಾತ್‌ರೂಮಿನ ಮುಂದೆ ಕ್ಯಾಮೆರಾ ಎಲ್ಲವೂ ಮಕ್ಕಳನ್ನು ಹಿಡಿಯುತ್ತವೆಯೇ ಹೊರತು ಮಾರುವವನನ್ನಲ್ಲ.

ಹುಡುಗನ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ವಸ್ತು ಕಿತ್ತುಕೊಂಡ ಮೂರನೇ ದಿನದಿಂದ ಅವನಿಗೆ ತಲೆನೋವು, ರಾತ್ರಿ ನಿದ್ದೆಯಿಲ್ಲ, ತಂಗಿಯ ಮೇಲೆ ಕಾರಣವಿಲ್ಲದ ಸಿಟ್ಟು. ಹದಿನೈದು ನಿಮಿಷ ಒಂದೆಡೆ ಕೂರಲಾರ. ಅಮ್ಮ ಅದನ್ನು ಹಟ ಎಂದುಕೊಂಡರು. ಅದು ನಿಕೋಟಿನ್ ಬಿಟ್ಟಾಗ ಮೈ ಮಾಡುವ ರಂಪ ಎಂದು ನನಗೂ ಓದಿದ ಮೇಲಷ್ಟೇ ತಿಳಿದದ್ದು. ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ ಒಂದಿದೆ: 1800-11-2356. 2016ರಲ್ಲಿ ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾದದ್ದು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ತೆರೆದು ಕನ್ನಡದಲ್ಲೂ ಮಾತನಾಡುತ್ತಾರೆ. ಕರೆ ಉಚಿತ. 2018ರಿಂದ ಈ ನಂಬರು ಪ್ರತಿ ಸಿಗರೇಟು ಪ್ಯಾಕಿನ ಮೇಲೂ ಅಚ್ಚಾಗುತ್ತಿದೆ. ಕದ್ದು ಬರುವ ಹೈಲೈಟರಿನ ಮೇಲೆ ಅದು ಇರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಹಿಂದಿಯಲ್ಲಿ ಮಾತಾಡುತ್ತೀಯೋ, ಇಂಗ್ಲಿಷಿನಲ್ಲೋ ಎಂದು ಹುಡುಗನನ್ನು ಕೇಳಿದೆ. ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯಲ್ಲಿ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸಿ ಬೈಸಿಕೊಳ್ಳುವವನು. ‘ಕನ್ನಡದಾಗ ಮಾತಾಡ್ತೀನ್ರಿ. ಇಲ್ಲಿ ಯಾರಿಗೂ ತಿಳಿಯಂಗಿಲ್ಲ’ ಅಂದ. ನಮ್ಮ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತು ಇಪ್ಪತ್ತು ನಿಮಿಷ ಮಾತಾಡಿದ. ಏನು ಮಾತಾಡಿದ ಎಂದ ನಾನು ಕೇಳಲಿಲ್ಲ. ಆ ಮೇಲೆ ಇನ್ನೆರಡು ಸಲ ಮಾತಾಡಿದ್ದಾನೆ.

ಜನವರಿಯ ಮೊದಲ ಶನಿವಾರ ಎಂದಿನಂತೆ ಗಣಿತದ ಪುಸ್ತಕ ಹಿಡಿದು ಬಂದ. ಏಳನೇ ಕ್ಲಾಸಿನ ಆ ಹುಡುಗನನ್ನು ಶಾಲೆಯಿಂದ ತೆಗೆದಿದ್ದಾರೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ನಾನು ಆ ರಾತ್ರಿ ಅಳಿಸಿದ್ದು ತಪ್ಪಾಯಿತು, ಆ ನಂಬರು ಇದ್ದಿದ್ದರೆ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಇದಕ್ಕೆಂದೇ ತೆರೆದ ಪೋರ್ಟಲ್‌ಗೆ ನನ್ನ ಹೆಸರಿನಲ್ಲೇ ಕಳಿಸಬಹುದಿತ್ತು, ನಿನ್ನ ಹೆಸರು ಬೇಕಿರಲಿಲ್ಲ ಎಂದು ಅವನಿಗೆ ಹೇಳಿದೆ. ಹದಿಮೂರರ ಹುಡುಗನ ಮುಂದೆ ತಪ್ಪೊಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಅವನು ಪೆನ್ಸಿಲ್ ತಿರುಗಿಸುತ್ತಾ ಎರಡು ಲೆಕ್ಕ ಮುಗಿಸಿದ. ಆಮೇಲೆ ತಲೆ ಎತ್ತದೆಯೇ ಕೇಳಿದ:

‘ಅಂಕಲ್, ನಂಬರ್ ನನಗ ಬಾಯಿಪಾಠ ಐತ್ರಿ. ಬರಕೋತೀರೇನು?’

ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುಗಿಸಿದೆ. ಅವನು ಒಂದೊಂದೇ ಅಂಕಿ ಹೇಳುತ್ತಾ ಹೋದ.